ಯಾರೂ ಹೆಸರಿಡದ ಕೆಲಸ

ಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ಶೆಡ್ಡಿನ ಒಳಗೆ ಒಂದು ಹಳೆಯ ಕಾರು. ಸೀಟು ಕಿತ್ತು, ಕಾರ್ಪೆಟ್ ಸುಲಿದು, ಬಾಗಿಲಿನ ಹೊದಿಕೆಯನ್ನೆಲ್ಲ ಬಿಚ್ಚಿ ಬತ್ತಲೆ ಮಾಡಿ ನಿಲ್ಲಿಸಿದ್ದಾರೆ. ಅದರ ಹೊಟ್ಟೆಯೊಳಗೆ ಒಬ್ಬ ಹೆಂಗಸು ಮಂಡಿಯೂರಿ, ಕಿವಿಯನ್ನು ತಗಡಿನ ಹತ್ತಿರ ತಂದು ಬಾಗಿದ್ದಾಳೆ. ಬೆರಳಿನ ಗೆಣ್ಣಿನಿಂದ ತಟ್ಟುತ್ತಾಳೆ. ಟಣ್. ಒಂದು ಗೇಣು ಸರಿದು ಮತ್ತೆ ತಟ್ಟುತ್ತಾಳೆ. ಟಣ್. ಇನ್ನೊಂದು ಗೇಣು ಸರಿದಾಗ ತಗಡು ನಡುಗಿ, ಬಿದ್ದ ಏಟಿಗಿಂತ ಜಾಸ್ತಿ ಹೊತ್ತು ಅಳುವ ಮಗುವಿನ ಹಾಗೆ ರಾಗ ಎಳೆಯುತ್ತದೆ. ಅಲ್ಲಿ ಸೀಮೆಸುಣ್ಣದಿಂದ ಒಂದು ಸುತ್ತು ಹಾಕುತ್ತಾಳೆ.

"ಇದೇ ನೋಡಿ ಬಾಯಿಬಡುಕ ಜಾಗ," ಅನ್ನುತ್ತಾಳೆ. "ಮಿಕ್ಕಿದ್ದೆಲ್ಲ ಇದು ಕೂಗಿದ್ದಕ್ಕೆ ಹೂಂಗುಟ್ಟೋವು ಅಷ್ಟೆ. ಇದರ ಬಾಯಿ ಮುಚ್ಚಿಸಿದ್ರೆ ಅರ್ಧ ಕಾರು ಸುಮ್ಮನಾಗತ್ತೆ."

ಹಳೆಯ ಕಾರುಗಳ ಒಳಮೈಗೆ ಸದ್ದು ತಡೆಯುವ, ಬಿಸಿ ತಡೆಯುವ ಹಾಸು ಹಾಸುವುದು ಈಕೆಯ ಕೆಲಸ. ಅದನ್ನು ಬೆಳಗಿನ ಜಾವಕ್ಕೇ ಶುರು ಮಾಡುವುದಕ್ಕೆ ಕಾರಣವಿದೆ. ಈಕೆಯ ಗಂಡ ತಗಡಿನ ಮೇಸ್ತ್ರಿ. ಅವನು ಸುತ್ತಿಗೆ ಕೈಗೆತ್ತಿಕೊಂಡ ಮೇಲೆ ಈ ಶೆಡ್ಡಿನಲ್ಲಿ ಯಾವ ತಗಡು ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳಲು ದೇವರಿಗೂ ಸಾಧ್ಯವಿಲ್ಲ. ಬಡಿದು ಬಡಿದು ಅವನ ಕಿವಿಯೂ ಮಂದವಾಗಿ ಹೋಗಿದೆ. ಹೆಂಡತಿಯ ಕೆಲಸ ಹೇಗಿದೆ ಎಂದು ನೋಡಬೇಕಾದರೆ ಅವನು ಬಾಗಿಲಿಗೆ ಅಂಗೈ ಒತ್ತಿ, ಇನ್ನೊಂದು ಕೈಯಿಂದ ಗುದ್ದುತ್ತಾನೆ. ನಡುಕ ಇಲ್ಲದಿದ್ದರೆ ತಲೆಯಾಡಿಸುತ್ತಾನೆ. ಸದ್ದಡಗಿಸುವುದೇ ಬದುಕಾದ ಹೆಂಗಸಿನ ಕೆಲಸವನ್ನು ಮನೆಯ ಗಂಡಸು ಕಿವಿಯಿಂದ ಕೇಳಿದ್ದೇ ಇಲ್ಲ.

ಸುತ್ತಲಿನ ಗ್ಯಾರೇಜುಗಳಲ್ಲಿ ಎಲ್ಲರಿಗೂ ಈಕೆ ಗಪ್‌ಚಿಪ್ ಅಕ್ಕ. ಕಾರನ್ನು ಗಪ್‌ಚಿಪ್ ಮಾಡುವವಳು ಎಂಬ ಅರ್ಥದಲ್ಲಿ. ಅಕ್ಕನ ಬಾಯಿಗೆ ಮಾತ್ರ ಯಾವ ಹಾಸೂ ತಡೆಯುವುದಿಲ್ಲ ಎಂದು ಎಂಜಿನ್ ಕೆಲಸ ಮಾಡುವ ಮೈದುನ ಬಂದವರಿಗೆಲ್ಲ ಹೇಳಿ ನಗಿಸುತ್ತಾನೆ. ಅಕ್ಕ ನಗುವುದಿಲ್ಲ. ಅವನ ಮೇಲೆ ಸಿಟ್ಟು ಅಂತಲ್ಲ. ಅವನ ಹೆಂಡತಿ ಪಕ್ಕದಲ್ಲೇ ಕೂತು ನಗುತ್ತಾಳಲ್ಲ, ಅದು.

ಆ ಹೆಂಡತಿಯೇ ಈ ಕಥೆಯ ಉರಿ. ಅಕ್ಕನ ಓರಗಿತ್ತಿ, ಸೀಟು ಹೊಲಿಯುವವಳು.

ಓರಗಿತ್ತಿ ಹೊಲಿದ ಸೀಟು ನೋಡಿದರೆ ಯಾರಿಗೂ ಒಮ್ಮೆ ಕೂತುಬಿಡಬೇಕು ಅನ್ನಿಸುತ್ತದೆ. ಅಂಚಿನ ಗೋಟು ದಾರ ಹಿಡಿದಷ್ಟು ನೇರ. ಹೊಲಿಗೆ ಒಂದರ ಹಿಂದೆ ಒಂದು ಇರುವೆ ಸಾಲಿನ ಹಾಗೆ ನಡೆಯುತ್ತದೆ. ಗಿರಾಕಿ ಬಂದವನೇ ಬಾಗಿಲು ತೆಗೆದು "ಅಬ್ಬಾ" ಅನ್ನುತ್ತಾನೆ, ಫೋನು ತೆಗೆಯುತ್ತಾನೆ, ಫೋಟೋ ಹೊಡೆಯುತ್ತಾನೆ, ಓರಗಿತ್ತಿಯನ್ನು ಸೀಟಿನ ಪಕ್ಕ ನಿಲ್ಲಿಸಿ ಇನ್ನೊಂದು ಹೊಡೆಯುತ್ತಾನೆ. ಆ ಸೀಟಿನ ಕೆಳಗೆ, ಕಾರ್ಪೆಟ್ಟಿನ ಕೆಳಗೆ, ದಿನಗಟ್ಟಲೆ ಮಂಡಿ ಸವೆಸಿ ಹಾಸಿದ ಅಕ್ಕನ ಕೆಲಸದ ಮೇಲೆ ಅವನು ಬೂಟು ಹಾಕಿಕೊಂಡೇ ನಿಂತಿರುತ್ತಾನೆ.

ಒಮ್ಮೆ ಇಲ್ಲಿ ತಯಾರಾದ ಕಾರೊಂದಕ್ಕೆ ಹಳೇ ಕಾರುಗಳ ಪ್ರದರ್ಶನದಲ್ಲಿ ಅತ್ಯುತ್ತಮ ಒಳಾಂಗಣ ಎಂದು ಬಹುಮಾನ ಬಂತು. ಕಾರಿನ ಮಾಲೀಕ ಬಹುಮಾನದ ಫೋಟೋ ಒಂದನ್ನು ತಂದು ಓರಗಿತ್ತಿಯ ಕೈಗೆ ಕೊಟ್ಟ. ಅದು ಅವಳ ಹೊಲಿಗೆ ಮಿಷನ್ನಿನ ಮೇಲಿನ ಗೋಡೆಯಲ್ಲಿದೆ. ಅಕ್ಕ ಆ ಕಡೆ ಹೋಗಬೇಕಾದಾಗ ಮುಖ ತಿರುಗಿಸಿಕೊಂಡೇ ಹೋಗುತ್ತಾಳೆ. "ಒಳಾಂಗಣ ಅಂದ್ರೆ ಒಳಗೆ ಇರೋದು ತಾನೇ?" ಎಂದು ಕೇಳುತ್ತಾಳೆ. "ನಂದಕ್ಕಿಂತ ಒಳಗಡೆ ಯಾರದ್ದಿದೆ ಹೇಳಿ ನೋಡೋಣ."

ಅಕ್ಕ ಇದನ್ನು ಮುಚ್ಚಿಡುವವರ ಪೈಕಿಯಲ್ಲ. ಗಿರಾಕಿ ಸೀಟು ಹೊಗಳಲು ಶುರು ಮಾಡಿದರೆ ಅಕ್ಕನಿಗೆ ಕೆಮ್ಮು ಬರುತ್ತದೆ. ಇಲ್ಲವೇ, ಹೌದೌದು, ಮಿಷನ್ನು ಬಹಳ ಒಳ್ಳೇದಿದೆ ಅನ್ನುತ್ತಾಳೆ. ಓರಗಿತ್ತಿಗೆ ತನ್ನ ಕತ್ತರಿ ಯಾಕೆ ಮೊಂಡಾಗುತ್ತಿದೆ ಎಂದು ಗೊತ್ತಾಗಲು ತುಂಬ ದಿನ ಬೇಕಾಯಿತು. ಅಕ್ಕ ಅದರಲ್ಲಿ ತಗಡಿಗೆ ಅಂಟಿಸುವ ಡಾಂಬರು ಪಟ್ಟಿ ಕತ್ತರಿಸುತ್ತಿದ್ದಳು. ತನ್ನ ಕತ್ತರಿ ಪಕ್ಕದಲ್ಲೇ ಇದ್ದರೂ.

"ಎಂಜಿನ್ ಬಿಸಿಗೆ ಅಡ್ಡ ಇಡೋಕೆ ನನ್ನ ಹತ್ರ ಹಾಳೆ ಇದೆ," ಅನ್ನುತ್ತಾಳೆ ಅಕ್ಕ. "ಹೊಟ್ಟೆಕಿಚ್ಚಿಗೆ ಏನು ಅಡ್ಡ ಇಡೋದು? ಯಾರೂ ಹೇಳಿಕೊಡ್ಲಿಲ್ಲ."

ಈ ಕೆಲಸವನ್ನೂ ಯಾರೂ ಹೇಳಿಕೊಟ್ಟದ್ದಲ್ಲ. ಮದುವೆಯಾಗಿ ಬಂದಾಗ ಸಂಸಾರ ಇದೇ ಶೆಡ್ಡಿನ ಹಿಂಭಾಗದಲ್ಲಿತ್ತು. ತಲೆಯ ಮೇಲೆ ತಗಡು, ಗೋಡೆಯ ಆಚೆ ಸುತ್ತಿಗೆ. ಮಧ್ಯಾಹ್ನದಲ್ಲಿ ಕೋಣೆ ಕಾದ ಹಂಚಿನ ಹಾಗಾಗುತ್ತಿತ್ತು. ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಮಗಳು ಹುಟ್ಟಿದಳು. ಎಳೆಗೂಸು ಮಲಗಿದ ಗಳಿಗೆಗೆ ಸುತ್ತಿಗೆ ಬೀಳುವುದು, ಅದು ಬೆಚ್ಚಿ ಚೀರುವುದು. ಗಂಡನ ಕೆಲಸ ನಿಲ್ಲಿಸಿದರೆ ಒಲೆ ನಿಲ್ಲುತ್ತದೆ. ಯಾರಿಗೆ ಬೈಯುವುದು? ಕೊನೆಗೆ ಬಾಣಂತಿ ತಾನೇ ಮೇಜಿನ ಮೇಲೆ ಸ್ಟೂಲು ಇಟ್ಟು ಹತ್ತಿದಳು. ಮಾಡು ಸೋರದ ಹಾಗೆ ಹಚ್ಚಲು ತಂದಿಟ್ಟ ಡಾಂಬರು ಪಟ್ಟಿಯಲ್ಲಿ ಉಳಿದದ್ದನ್ನು ತಗಡಿನ ಒಳಮೈಗೆ ಅಂಟಿಸಿದಳು. ಅದರ ಮೇಲೆ ಹಳೆಯ ಹಾಸಿಗೆಯ ಫೋಮನ್ನು, ಉಟ್ಟು ಸವೆದ ಬಟ್ಟೆಯನ್ನು ಒತ್ತಿ ಒತ್ತಿ ಕೂರಿಸಿದಳು. ಆ ದಿನ ಮಗು ಮಧ್ಯಾಹ್ನ ಪೂರ್ತಿ ಮಲಗಿತು. ಎದ್ದು ಅಳಲಿಲ್ಲವೆಂದು ಹೆದರಿ ತಾಯಿಯೇ ಅದನ್ನು ಅಲುಗಿಸಿ ಎಬ್ಬಿಸಿದಳು.

ಮನೆಯ ಮಾಡಿಗೆ ಮಾಡಿದ್ದನ್ನು ಕಾರಿಗೆ ಮಾಡಿದರೆ ಏನು ಎಂಬ ಯೋಚನೆ ಅಲ್ಲಿಂದ ಬಂತು. ಹೊರಗಿನಿಂದ ಬರುವ, ಈ ಕೆಲಸಕ್ಕೆಂದೇ ಮಾಡಿದ ಹಾಳೆಗಳಿವೆ. ಅವು ಉಳ್ಳವರ ಕಾರಿಗೆ. ಆದರೆ ಹಳೇ ಕಾರು ಇಟ್ಟುಕೊಂಡವರೆಲ್ಲ ಉಳ್ಳವರಲ್ಲ. ಅಪ್ಪ ಬಿಟ್ಟುಹೋದದ್ದು ಅಂತ ಮಾರಲಾರದೆ ಇಟ್ಟುಕೊಂಡವರಿದ್ದಾರೆ, ಹೊಸದು ಕೊಳ್ಳಲಾರದೆ ಇಟ್ಟುಕೊಂಡವರಿದ್ದಾರೆ. ಹೊಳೆಯುವ ಹಳೇ ಕಾರು ಹಾದುಹೋದಾಗ ಬೀದಿಯ ಜನ ನಿಂತು ನೋಡುತ್ತಾರಲ್ಲ, ಒಳಗೆ ಕೂತವರ ಪಾಡು ಅವರಿಗೆ ಗೊತ್ತಿಲ್ಲ. ಅದು ಚಕ್ರ ಕಟ್ಟಿದ ತಗಡಿನ ಡಬ್ಬಿ. ಕಾಲಿನ ಕೆಳಗೆ ಸೈಲೆನ್ಸರ್ ಕಾಯುತ್ತದೆ, ಎದುರಿಗೆ ಎಂಜಿನ್ ಕಾಯುತ್ತದೆ, ತಲೆಯ ಮೇಲೆ ಸೂರ್ಯ. ಇದಕ್ಕೆಲ್ಲ ಬಡವರಿಗೆ ಎಟುಕುವ ಉತ್ತರ ಹುಡುಕಿದವಳು ಗಪ್‌ಚಿಪ್ ಅಕ್ಕ.

ಅವಳ ಸಾಮಾನು ಕಾರಿನ ಅಂಗಡಿಯಲ್ಲಿ ಸಿಗುವುದಲ್ಲ. ಬೆನ್ನಿಗೆ ಬೆಳ್ಳಿ ಹಾಳೆ ಇರುವ ಅದೇ ಮಾಡಿನ ಡಾಂಬರು ಪಟ್ಟಿ, ಚಾಪೆಯ ಹಾಗೆ ಸುರುಳಿ ಸುತ್ತಿದ ನೀರು ಕುಡಿಯದ ಫೋಮು, ಚಿಂದಿ ಬಟ್ಟೆಯನ್ನು ಎಳೆ ಎಳೆ ಬಿಡಿಸಿ ಮತ್ತೆ ಒತ್ತಿ ಮಾಡಿದ ದಪ್ಪ ಹಾಸು. ಪಟ್ಟಿ ತಗಡಿನ ನಡುಕ ಹಿಡಿಯುತ್ತದೆ, ಫೋಮು ಬಿಸಿಯನ್ನು ಅಲ್ಲೇ ನಿಲ್ಲಿಸುತ್ತದೆ, ಚಿಂದಿ ಹಾಸು ರಸ್ತೆಯ ಮೊರೆತ ನುಂಗುತ್ತದೆ. ಪಟ್ಟಿಯನ್ನು ಮೊದಲೇ ಬಿಸಿಲಿನಲ್ಲಿ ಹರಡಿ ಡಾಂಬರಿನ ವಾಸನೆ ಬಿಡಿಸಿರುತ್ತಾಳೆ. ಹಾಸಿನ ಪ್ರತಿ ಸುರುಳಿಯ ಮೂಲೆ ಹರಿದು ಕಡ್ಡಿ ಗೀರಿ ನೋಡುತ್ತಾಳೆ. ಉರಿ ಹತ್ತಿಕೊಂಡರೆ ಆ ಸುರುಳಿ ವಾಪಸ್ಸು. ಬಾಗಿಲಿನ ತಳದಲ್ಲಿ ಮಳೆನೀರು ಇಳಿಯುವ ತೂತುಗಳ ಹತ್ತಿರ ಪಟ್ಟಿ ಹೋಗುವಂತಿಲ್ಲ. ಮಿಕ್ಕಂತೆ ಬೇಕಾದದ್ದು ಒಂದು ಕೂದಲು ಒಣಗಿಸುವ ಯಂತ್ರ, ಪಟ್ಟಿ ಮೆದುವಾಗಲು. ಒಂದು ಲಟ್ಟಣಿಗೆ, ಉಜ್ಜಿ ಕೂರಿಸಲು.

ಕಡಿಮೆ ಖರ್ಚಿನ ಗುಟ್ಟು ಆ ಸೀಮೆಸುಣ್ಣದ ಸುತ್ತಿನಲ್ಲಿದೆ. ಅಕ್ಕ ಪಟ್ಟಿಯನ್ನು ಮೈತುಂಬ ಹೊದಿಸುವುದಿಲ್ಲ. ಕೂಗುವ ಜಾಗಕ್ಕೆ ಮಾತ್ರ. "ಎಲ್ಲಾರ ಬಾಯಿಗೂ ಬಟ್ಟೆ ತುರುಕೋದು ಪೊಲೀಸ್ರ ಕೆಲಸ," ಅನ್ನುತ್ತಾಳೆ. "ಯಾರು ಶುರು ಮಾಡಿದ್ರು ಅಂತ ಹುಡುಕೋದು ನಂದು."

ಇಷ್ಟೆಲ್ಲ ಇರುವ ಕೆಲಸಕ್ಕೆ ಶೆಡ್ಡಿನಲ್ಲಿ ಇದ್ದ ಹೆಸರು ಅಡಿಗೆಲಸ. ಅಡಿಯಲ್ಲಿ ಮಾಡುವ ಕೆಲಸ, ಆದ್ದರಿಂದ ಅಡಿಗೆಲಸ. ಮೈದುನ ಇಟ್ಟದ್ದು. ಕೇಳಿದವರು ಅದನ್ನು ಹೇಗೆ ಕೇಳಿಸಿಕೊಳ್ಳಬೇಕೋ ಹಾಗೆಯೇ ಕೇಳಿಸಿಕೊಂಡರು. ಕೈಯಲ್ಲಿ ಲಟ್ಟಣಿಗೆ ಬೇರೆ. ಅಡಿಗೆಲಸದವರು ಇವರೇ ಎಂದು ತೋರಿಸಿದಾಗ ಒಬ್ಬ ಗಿರಾಕಿ ಬಹಳ ಮರ್ಯಾದೆಯಿಂದ, ಇವತ್ತು ಮಧ್ಯಾಹ್ನಕ್ಕೆ ಏನು ಮಾಡಿದೀರಮ್ಮಾ ಎಂದು ಕೇಳಿದ. ಮೈದುನ ಆ ಮಾತನ್ನು ಇವತ್ತಿಗೂ ಬಿಟ್ಟಿಲ್ಲ. ಶೆಡ್ಡಿನಲ್ಲಿ ಕೈಕೆಲಸ ಮಾಡುವ ಹೆಂಗಸು ಅಂದರೆ ಒಲೆ ಮುಂದಿನವಳೇ ಇರಬೇಕೆಂದು ತೀರ್ಮಾನಿಸಿ ಬಂದ ಕಿವಿಗೆ ಬೇರೆ ಹೇಗೆ ಕೇಳಿಸೀತು? ಆದರೆ ಅಕ್ಕನನ್ನು ಸುಟ್ಟದ್ದು ಆ ಗಿರಾಕಿಯಲ್ಲ. ಅದೇ ಗಿರಾಕಿ ಅದೇ ಗಳಿಗೆಯಲ್ಲಿ ತಿರುಗಿ ಓರಗಿತ್ತಿಯನ್ನು "ಸೀಟಿನ ಮೇಡಂ" ಎಂದು ಕರೆದದ್ದು.

ಹೊಗೆಯಾಡುತ್ತಿದ್ದದ್ದು ಹೊತ್ತಿಕೊಂಡದ್ದು ಬೋರ್ಡಿನಿಂದ. ಶೆಡ್ಡಿನ ಹಳೇ ಬೋರ್ಡು ತುಕ್ಕು ತಿಂದು ಕಳಚಿಬಿತ್ತು. ಹೊಸದಕ್ಕೆ ಮೈದುನ ತಗಡು ಕತ್ತರಿಸಿ, ಬಿಳಿ ಬಳಿದು, ಏನೇನು ಬರೆಸಬೇಕೆಂದು ಮನೆಯವರ ಮುಂದೆ ಓದಿದ. ತಗಡು ಕೆಲಸ, ಎಂಜಿನ್ ಕೆಲಸ, ಬಣ್ಣ, ಸೀಟು ಹೊಲಿಗೆ. ಅದರ ಕೆಳಗೆ ಇನ್ನೊಂದು ಸಾಲು ಹಿಡಿಯುವಷ್ಟು ಜಾಗ ಇತ್ತು. ಓರಗಿತ್ತಿ ಅಲ್ಲಿ "ಕಾರ್ಪೆಟ್ ಹೊಲಿಗೆ" ಅಂತ ಹಾಕಿಸಿದರೆ ಹೇಗೆ ಎಂದಳು. ಒಬ್ಬಳಿಗೇ ಎರಡು ಸಾಲು. ಅಕ್ಕನ ಕೈಯಲ್ಲಿದ್ದ ಲೋಟ ನೆಲಕ್ಕೆ ಬಿತ್ತೋ, ಅವಳೇ ಬಿಟ್ಟಳೋ, ಈ ಬಗ್ಗೆ ಮನೆಯಲ್ಲಿ ಒಮ್ಮತವಿಲ್ಲ.

ಮೈದುನ ಕೆಟ್ಟವನಲ್ಲ. ವ್ಯವಹಾರದ ಮನುಷ್ಯ. "ಅತ್ತಿಗೇ, ಬೇಜಾರು ಮಾಡ್ಕೋಬೇಡಿ," ಎಂದ. "ಕಾರು ತಗೊಂಡು ಹೋಗೋವಾಗ ನಿಮ್ಮ ಕೆಲಸ ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳಿದ ಒಬ್ಬ ಗಿರಾಕಿ ತೋರಿಸಿ. ಆ ಸಾಲು ನಿಮ್ದು."

ಅಕ್ಕ ಎಷ್ಟು ಹಿಂದಕ್ಕೆ ಹೋಗಿ ಹುಡುಕಿದರೂ ಅಂಥ ಒಬ್ಬ ಸಿಗಲಿಲ್ಲ. ಹೇಗೆ ಸಿಕ್ಕಾನು? ಅವಳು ಗಿರಾಕಿಯ ಕೈಗೆ ಕೊಡುವುದು ಒಂದು ಇಲ್ಲದಿರುವಿಕೆ. ಕೇಳದ ಸದ್ದು, ತಟ್ಟದ ಬಿಸಿ. ಗಬ್ಬು ನಾರದ ಚರಂಡಿ, ಸೋರದ ಮಾಡು, ಕಾಯಿಲೆ ಬಾರದ ನೀರು ಎಲ್ಲದಕ್ಕೂ ಹಿಂದೆ ಯಾರದೋ ರಟ್ಟೆ ಇದೆ. ಯಾವ ಸಭೆಯಲ್ಲಿ ಯಾರು ಅವರನ್ನು ವೇದಿಕೆಗೆ ಕರೆದಿದ್ದಾರೆ? ಏನಾದರೂ ಸೇರಿಸಿದವರಿಗೆ ಈ ಲೋಕದಲ್ಲಿ ಹೆಸರು. ಕಷ್ಟವೊಂದನ್ನು ಕಳೆದವರು ಕಷ್ಟದ ಜೊತೆಗೇ ಕಳೆದುಹೋಗುತ್ತಾರೆ. ಇದನ್ನು ವ್ಯವಸ್ಥೆ ಅನ್ನುತ್ತಾರೆ. ಅಕ್ಕ ಇದಕ್ಕೆ ಇಟ್ಟ ಹೆಸರು ಬೇರೆ, ಅಚ್ಚು ಹಾಕುವಂಥದ್ದಲ್ಲ.

ಆಗ ಶೆಡ್ಡಿನಲ್ಲಿ ಇದ್ದದ್ದು ಟೈಪಿಂಗ್ ಮೇಷ್ಟ್ರ ಕಾರು. ಬೆರಳಚ್ಚು ಕಲಿಸಿ ಬದುಕಿದ ಮೇಷ್ಟ್ರು, ಟೈಪ್‌ರೈಟರುಗಳು ಮೂಲೆಗೆ ಸರಿದ ಮೇಲೆ ತಾವೂ ಸರಿದವರು. ಕಾರು ಅವರ ಅಪ್ಪನದು. ಅದರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಮಗಳ ಊರಿಗೆ ಹೋಗಿಬರುವುದಷ್ಟೇ ಆಸೆ. ಆದರೆ ಹೆಂಡತಿ, ನಾನು ಬಸ್ಸಲ್ಲೇ ಬರ್ತೀನಿ, ಪಾದ ಸುಟ್ಟುಕೊಂಡು, ಕಿವಿ ಕಿತ್ತುಕೊಂಡು ನಿಮ್ಮ ಜೊತೆ ಕೂರೋಕೆ ನನ್ನ ಕೈಲಾಗಲ್ಲ ಎಂದು ಖಡಾಖಂಡಿತ ಹೇಳಿಬಿಟ್ಟಿದ್ದರು. ಹೆಚ್ಚು ಖರ್ಚು ಮಾಡುವ ಶಕ್ತಿ ಇಲ್ಲಮ್ಮ, ಏನಾದರೂ ಮಾಡು ಎಂದು ಮೇಷ್ಟ್ರು ಅಕ್ಕನಿಗೆ ಕೀಲಿ ಕೊಟ್ಟು ಹೋಗಿದ್ದರು.

ಈ ಕಾರೇ ತನ್ನ ಸಾಲು ಎಂದು ಅಕ್ಕ ತೀರ್ಮಾನಿಸಿದಳು. ಮೇಷ್ಟ್ರು ಬಾಯಿ ಬಿಡಲೇಬೇಕು, ಅಷ್ಟು ಸುಮ್ಮನಾಗಬೇಕು ಕಾರು. ಕೂಗುವ ಜಾಗಕ್ಕೆ ಮಾತ್ರ ಎಂಬ ತನ್ನದೇ ನಿಯಮ ಮುರಿದಳು. ಪಟ್ಟಿ ಮೈತುಂಬ ಹೊದಿಸಿದಳು. ಅದರ ಮೇಲೆ ಫೋಮು, ಅದರ ಮೇಲೆ ಚಿಂದಿ ಹಾಸು. ಅಂಗೈ ಊರಿ ನೋಡಿದಾಗ ಮೆತ್ತಗಿತ್ತು. ಓರಗಿತ್ತಿಯ ಸೀಟಿಗಿಂತ ಮೆತ್ತಗಿದೆಯೇ? ಅನುಮಾನ ಬಂತು. ಇನ್ನೊಂದು ಪದರ ಹಾಸು ಹಾಕಿ ಅಂಟಿಸಿದಳು.

ಮರುದಿನ ಓರಗಿತ್ತಿ ಕಾರ್ಪೆಟ್ ಹಾಸಲು ಬಂದಳು. ಅಕ್ಕ ಎಂದಿನ ದಪ್ಪಕ್ಕೆ ಹಾಸುತ್ತಾಳೆಂದು ನಂಬಿ ಅಳತೆ ತೆಗೆದು ಕತ್ತರಿಸಿಟ್ಟ ಕಾರ್ಪೆಟ್ಟು. ಹಾಸಿದರೆ ನಾಲ್ಕೂ ಅಂಚಿನಲ್ಲಿ ಒಂದು ಬೆರಳು ಗಿಡ್ಡ. ಎಳೆದಳು, ಒತ್ತಿದಳು, ಬರಲಿಲ್ಲ. ಅಂಚಿನ ಸುತ್ತ ಅಕ್ಕನ ಚಿಂದಿ ಹಾಸು, ಬೂದು ಬಣ್ಣದ್ದು, ಹರಿದ ಲಂಗದ ಹಾಗೆ ಇಣುಕುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅಕ್ಕನ ಕೆಲಸ ಕಾರಿನಲ್ಲಿ ಕಣ್ಣಿಗೆ ಕಾಣುವಂತಾಗಿತ್ತು. ಹೀಗೆ. ಸೀಟು ಇಟ್ಟು ನೋಡಿದರೆ ಬೋಲ್ಟು ಕೆಳಗಿನ ತೂತಿಗೆ ಮುಟ್ಟುತ್ತಿಲ್ಲ.

ಓರಗಿತ್ತಿ ಕೂಗಾಡಬಹುದಿತ್ತು. ಗಂಡನನ್ನು ಕರೆದು ತೋರಿಸಬಹುದಿತ್ತು. ಅಕ್ಕ ಅದಕ್ಕೇ ಸೆರಗು ಬಿಗಿದು ನಿಂತಿದ್ದಳು. ಓರಗಿತ್ತಿ ಅದ್ಯಾವುದನ್ನೂ ಮಾಡದೆ, ಬಗ್ಗಿದವಳು ಬಗ್ಗಿದ ಹಾಗೆಯೇ, ಸಣ್ಣ ದನಿಯಲ್ಲಿ ಮಾತಾಡಿದಳು.

"ಅಕ್ಕ, ಅಂಚಿಗೆ ಒಂದು ಪಟ್ಟಿ ಹೊಲಿದು ಮುಚ್ಚಿಬಿಡ್ತೀನಿ. ಬೋಲ್ಟು ಉದ್ದದ್ದು ಹಾಕಿದ್ರಾಯ್ತು. ಯಾರಿಗೂ ಕಾಣ್ಸಲ್ಲ ಬಿಡು."

ಒಳ್ಳೆಯ ಮಾತೇ. ಆದರೆ "ಯಾರಿಗೂ ಕಾಣ್ಸಲ್ಲ" ಎಂಬುದು ಅಕ್ಕನ ಕಿವಿಯಲ್ಲಿ ಸೀಸ ಹೊಯ್ದಂತೆ ಇಳಿಯಿತು. ನೀನು ನನ್ನ ಮರ್ಯಾದೆ ಕಾಯಬೇಕಾಗಿಲ್ಲ, ನಿನ್ನ ಕಾರ್ಪೆಟ್ಟೇ ಗಿಡ್ಡ ಕತ್ತರಿಸಿದ್ದೀಯ, ನಿನಗೆ ಅಳತೆ ಯಾವತ್ತು ಬರುತ್ತಿತ್ತು ಎಂದು ಏನೇನೋ ಅಂದಳು. ಅವಳಿಗೂ ಗೊತ್ತು, ಇವಳಿಗೂ ಗೊತ್ತು, ಅಳತೆ ಸರಿಯಾಗಿದೆ ಎಂದು.

ಗಲಾಟೆ ಕೇಳಿ ಅಲ್ಲ, ಕೈಬೀಸಾಟ ಕಂಡು ತಗಡಿನ ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು ಬಂದ. ಏನಾಗಿದೆ ಎಂದು ಕೇಳಿ ಪ್ರಯೋಜನವಿಲ್ಲದ್ದರಿಂದ ಕೇಳಲಿಲ್ಲ. ಕಾರಿನೊಳಗೆ ಒಂದು ಡಬ್ಬಿ ಇಟ್ಟುಕೊಂಡು ಸ್ಟಿಯರಿಂಗ್ ಮುಂದೆ ಕೂತು, ಅಭ್ಯಾಸದಂತೆ ಕಾಲಿನಿಂದ ಒಂದೊಂದೇ ಪೆಡಲ್ ಒತ್ತಿ ನೋಡಿದ. ಮಂದ ಕಿವಿಯವರು ಜೋರಾಗಿ ಮಾತಾಡುತ್ತಾರೆ. ಅವನು ಹೇಳಿದ್ದು ಎದುರಿನ ಅಂಗಡಿಯವರೆಗೂ ಕೇಳಿಸಿತು.

"ಬ್ರೇಕು ಪೂರ್ತಿ ಇಳೀತಿಲ್ವಲ್ಲೇ. ಅರ್ಧದಲ್ಲೇ ಹಾಸಿಗೆ ಮೇಲೆ ಮಲಗ್ತಿದೆ."

ಅಕ್ಕ ಬಗ್ಗಿ ನೋಡಿದಳು. ಪೆಡಲ್ ಕೆಳಗೆ ಎರಡು ಪದರ ಹಾಸು ಉಬ್ಬಿ ನಿಂತಿದೆ. ಮೇಷ್ಟ್ರು ಇಳಿಜಾರಿನಲ್ಲಿ, ಪಕ್ಕದಲ್ಲಿ ಹೆಂಡತಿ, ಆಗ ಬ್ರೇಕು ಅರ್ಧಕ್ಕೇ ನಿಂತರೆ? ಅಕ್ಕ ಈಗ ಹೇಳುತ್ತಾಳೆ, "ನನ್ನ ಹೊಟ್ಟೆಕಿಚ್ಚು ನನ್ನ ಹೊಟ್ಟೇಲಿ ಇರೋವರೆಗೂ ನನ್ನನ್ನ ಮಾತ್ರ ಸುಡ್ತಿತ್ತು. ಅದು ಹೋಗಿ ಇನ್ನೊಬ್ಬರ ಬ್ರೇಕಿನ ಕೆಳಗೆ ಕೂತಿತ್ತು."

ಅಂಟು ಆಗಲೇ ಹಿಡಿದಿತ್ತು. ಗಟ್ಟಿಯಾಗಿ ಅಂಟಿಸುವುದರಲ್ಲಿ ಅಕ್ಕನದು ಎತ್ತಿದ ಕೈ. ಅವಳ ಕೆಲಸವೇ ಅವಳಿಗೆ ಎದುರು ನಿಂತಿತು. ಮೇಲಿನ ಪದರವನ್ನು ಒಬ್ಬಳೇ ಎಳೆದರೆ ಅದು ಹರಿಯುತ್ತದೆ, ಕೆಳಗಿನ ಹಾಸನ್ನೂ ಕಿತ್ತು ತರುತ್ತದೆ. ಅಕ್ಕ ಒಂದು ತುದಿ ಎತ್ತಿ ಉಸಿರು ಬಿಟ್ಟಳು. ಓರಗಿತ್ತಿ ಆ ಕಡೆಯ ಬಾಗಿಲಿನಿಂದ ಒಳಗೆ ಬಂದು ಇನ್ನೊಂದು ತುದಿ ಹಿಡಿದಳು. ಅಂಗೈಯಗಲ, ಮತ್ತೆ ಅಂಗೈಯಗಲ. ಬೆವರು ಹಾಸಿನ ಮೇಲೆ ಬಿದ್ದು ಇಂಗುತ್ತಿತ್ತು. ಅರ್ಧ ದಾರಿಯಲ್ಲಿ ಓರಗಿತ್ತಿ ಬಾಯಿ ತೆರೆದಳು.

"ನಿಂಗೆ ನನ್ನ ಮೇಲೆ ಏನಕ್ಕ ಇಷ್ಟು ಸಂಕಟ? ನನ್ನ ಸೀಟಿಗೆ ಬಂದೋರೆಲ್ಲ ಹೆಸರಿಡ್ತಾರೆ. ಅಲ್ಲಿ ಸುಕ್ಕು, ಇಲ್ಲಿ ಸಡಿಲ, ಬಣ್ಣ ಒಂಚೂರು ಜಾಸ್ತಿ. ಹೊಗಳಿ ಫೋಟೋ ಹೊಡ್ಕೊಂಡು ಹೋದೋರೇ ವರ್ಷ ಕಳೆಯೋದ್ರಲ್ಲಿ ಹರೀತು ಅಂತ ಬಂದು ಜಗಳ ಕಾಯ್ತಾರೆ. ನಿನ್ನ ಕೆಲಸಕ್ಕೆ ಇವತ್ತಿನವರೆಗೂ ಯಾರಾದ್ರೂ ಹೆಸರಿಟ್ಟಿದಾರಾ?"

ಅಕ್ಕ ಕೈ ನಿಲ್ಲಿಸಿದಳು.

"ಅದೇ ಅಲ್ವೇನೇ ನಾನು ಬಡ್ಕೊಳ್ತಿರೋದು," ಎಂದಳು. "ಯಾರೂ ಹೆಸರಿಟ್ಟಿಲ್ಲ."

ಇಬ್ಬರೂ ಒಂದೇ ಮಾತು ಹೇಳಿದ್ದರು, ಬೇರೆ ಬೇರೆ ಅರ್ಥದಲ್ಲಿ. ಒಬ್ಬಳಿಗೆ ಹೆಸರಿಡುವುದು ಅಂದರೆ ಕೊಂಕು ತೆಗೆಯುವುದು, ಇನ್ನೊಬ್ಬಳಿಗೆ ಹೆಸರಿಡುವುದು ಅಂದರೆ ಹೆಸರಿಡುವುದು. ಅದು ತಲೆಗೆ ಹೋಗಲು ಒಂದು ಗಳಿಗೆ ಬೇಕಾಯಿತು. ಓರಗಿತ್ತಿಗೆ ನಗು ಬಂತು. ಅಕ್ಕನಿಗೂ ಬಂತು, ಆದರೆ ಅವಳ ಮುಂದೆ ನಗಲು ಮನಸ್ಸಾಗದೆ ಹಾಸು ಕೀಳುವ ನೆಪದಲ್ಲಿ ತಲೆ ತಗ್ಗಿಸಿದಳು. ಕಿತ್ತ ಹಾಸನ್ನು ಇಬ್ಬರೂ ಮಡಚಿ ಹೊರಗಿಟ್ಟರು. ಕಾರ್ಪೆಟ್ ತನ್ನ ಜಾಗಕ್ಕೆ ಬಂದು ಕೂತಿತು, ಬೋಲ್ಟು ಕಚ್ಚಿತು, ಬ್ರೇಕು ಪೂರ್ತಿ ಇಳಿಯಿತು. ಅಕ್ಕನ ಕೆಲಸ ಮತ್ತೆ ಕಣ್ಮರೆಯಾಯಿತು.

ಮೇಷ್ಟ್ರು ಹೆಂಡತಿಯನ್ನು ಕರೆದುಕೊಂಡೇ ಬಂದರು. ಅದೇ ಹೊತ್ತಿಗೆ ಬೋರ್ಡು ಬರೆಯುವವನೂ ಕುಂಚ ಡಬ್ಬಿ ಹಿಡಿದು ಬಂದು, ಮೇಲಿನ ನಾಲ್ಕು ಸಾಲು ಬರೆದು ಮುಗಿಸಿ, ಐದನೆಯದು ಏನು ಎಂದು ಕಾಯುತ್ತ ಕೂತಿದ್ದ. ಮೇಷ್ಟ್ರು ಬಾಗಿಲು ತೆಗೆದರು. ಸೀಟು ಸವರಿದರು. ಎಂಥಾ ಹೊಲಿಗೆ ಎಂದರು. ಅಕ್ಕನಿಗೆ ಕೆಮ್ಮು ಬಂತು. ಹೆಂಡತಿ ಹೆದರಿ ಹೆದರಿ ಕಾಲಿಟ್ಟು ಕೂತರು, ಬಾಗಿಲು ದಪ್ಪ ಪುಸ್ತಕ ಮುಚ್ಚಿದ ಹಾಗೆ ಮುಚ್ಚಿಕೊಂಡಿತು, ಕಾರು ಬೀದಿಯ ಆಚೆ ತುದಿಗೆ ಹೋಗಿ ತಿರುಗಿತು.

ವಾಪಸ್ಸು ಬಂದವರೇ ಮೇಷ್ಟ್ರು ನೇರ ಮೈದುನನ ಕೈ ಹಿಡಿದು ಕುಲುಕಿದರು. ಎಂಜಿನ್ ಏನು ಮಾಡಿದೆಯಪ್ಪಾ, ಬೆಣ್ಣೆ ಹಾಗೆ ಹೋಗುತ್ತೆ, ಶಬ್ದವೇ ಇಲ್ಲ ಎಂದರು.

ಕಾರಿನ ಸೀಟು ಹೊಗಳಿದ್ದನ್ನು ಅಕ್ಕ ಹೇಗೋ ನುಂಗಿಕೊಂಡಿದ್ದಳು. ಇದು ನುಂಗುವಂಥದ್ದಲ್ಲ. ಹಾಸಿನ ದಪ್ಪಕ್ಕೆ, ಲಟ್ಟಣಿಗೆಯ ಒತ್ತಿಗೆ, ಸೀಮೆಸುಣ್ಣದ ಸುತ್ತಿಗೆ ಸಲ್ಲಬೇಕಾದದ್ದು ಅವಳ ಕಣ್ಣೆದುರೇ ಇನ್ನೊಬ್ಬನ ಅಂಗೈಗೆ ಹೋಗಿ ಬಿದ್ದಿತ್ತು. ಮೈದುನ ಮುಗುಳ್ನಕ್ಕ. ಹೌದು ಎನ್ನಲು ಬಾಯಿ ತೆರೆದ ಕೂಡ. ಅಷ್ಟರಲ್ಲಿ ಅವನ ಹೆಂಡತಿ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಅವನನ್ನೇ ನೋಡಿದಳು. ಅವನ ತೆರೆದ ಬಾಯಲ್ಲಿ ಬೇರೆ ಮಾತು ಹೊರಟಿತು.

"ಎಂಜಿನ್ನು ನಾನು ಮುಟ್ಟೇ ಇಲ್ಲ ಮೇಷ್ಟ್ರೇ. ಎಣ್ಣೆ ಬದಲಾಯ್ಸಿದೀನಿ ಅಷ್ಟೆ. ಅದು ಮೊದಲಿನ ಹಾಗೇ ಕೂಗ್ತಿದೆ. ನಿಮಗೆ ಕೇಳ್ದೇ ಇರೋ ಹಾಗೆ ಮಾಡಿದ್ದು ನಮ್ಮತ್ತಿಗೆ."

ಮೇಷ್ಟ್ರ ಹೆಂಡತಿ ಆಗ ಕಾರಿನಿಂದ ಇಳಿದರು. ಚಪ್ಪಲಿ ಒಳಗೇ ಬಿಟ್ಟಿದ್ದರು. ಬರಿಗಾಲನ್ನು ಕಾರಿನ ನೆಲಕ್ಕೆ ಇಟ್ಟು ನೋಡಿದ್ದರಂತೆ. ಸೀದಾ ಅಕ್ಕನ ಹತ್ತಿರ ಬಂದರು.

"ನೋಡಮ್ಮಾ, ಮದುವೆ ಆದಾಗಿನಿಂದ ಈ ಕಾರಲ್ಲಿ ಕೂತಾಗೆಲ್ಲ ಇವರು ನನ್ನ ಮೇಲೆ ಸಿಟ್ಟು ಮಾಡ್ತಾರೆ ಅಂದ್ಕೊಂಡಿದ್ದೆ. ಮಾತಾಡಿದ್ರೆ ಕಿರುಚೋರು. ಇವತ್ತು ಮಾಮೂಲಿ ದನೀಲಿ, ಬಿಸಿಲು ಜಾಸ್ತಿ ಇದೆಯಾ ಅಂತ ಕೇಳಿದ್ರು. ಅಷ್ಟು ವರ್ಷ ಕಿರುಚ್ತಿದ್ದಿದ್ದು ಕಾರು."

ಆಮೇಲೆ ಸೆರಗಿನಿಂದ ಕಣ್ಣಿನ ಮೂಲೆ ಒತ್ತಿಕೊಂಡು, "ಸೀಟೂ ಚೆನ್ನಾಗಿದೆ," ಎಂದರು.

ಅಕ್ಕ ಈ ಭಾಗ ಹೇಳುವಾಗ ಕೆಲಸ ನಿಲ್ಲಿಸುತ್ತಾಳೆ. "ಸೀಟು ಅನ್ಲಿಲ್ಲ. ಸೀಟೂ ಅಂದ್ರು. ಆ ಊ ಇದೆಯಲ್ಲ, ನಂಗೆ ಅದು ಸಾಕಾಯ್ತು."

ಮೈದುನ ಮಾತಿಗೆ ತಪ್ಪಲಿಲ್ಲ. ಅಡಿಗೆಲಸ ಅಂತ ಬರೆಯಪ್ಪಾ ಎಂದ. ಬೋರ್ಡು ಬರೆಯುವವನು ತನ್ನ ಬುದ್ಧಿಯಿಂದ ಅದನ್ನು ತಿದ್ದಿ, ಸೀಮೆಸುಣ್ಣದಲ್ಲಿ "ಅಡಿಗೆ ಕೆಲಸ" ಎಂದು ಗುರುತು ಹಾಕಿದ. ಅಕ್ಕ ಹೋಗಿ ಅಂಗೈಯಿಂದ ಉಜ್ಜಿ ಅಳಿಸಿದಳು. ಮೇಷ್ಟ್ರು ಯೋಚಿಸಿ, ಧ್ವನಿ ಮತ್ತು ಉಷ್ಣ ನಿರೋಧಕ ಒಳಪದರ ಜೋಡಣೆ ಎಂದರು. ಅಷ್ಟುದ್ದ ಬರೆದರೆ ಬೋರ್ಡು ಪಕ್ಕದ ಅಂಗಡಿಯವರೆಗೆ ಹೋಗುತ್ತದೆ, ಅವರಿಂದ ಬಾಡಿಗೆ ಇಸ್ಕೊಳ್ಳಿ ಎಂದ ಬರೆಯುವವನು. ತಗಡಿನ ಮೇಸ್ತ್ರಿ ತನಗೆ ಏನೂ ಕೇಳದೆ ಎಲ್ಲರ ಮುಖ ನೋಡುತ್ತಿದ್ದ. ಅಕ್ಕ ಅವನ ಕಡೆ ತಿರುಗಿ, ಕೈಯನ್ನು ಅಡ್ಡ ಹಿಡಿದು ತೋರಿಸಿದಳು. ತಡೆ. ಆ ಕೈಸನ್ನೆಯಿಂದಲೇ ಹೆಸರು ಬಂತು. ಕಾರಿನ ಒಳಗೆ ಸದ್ದು, ಬಿಸಿ ತಡೆ.

ಬರೆದಾದ ಮೇಲೂ ಅಕ್ಕ ಒಂದು ತಕರಾರು ತೆಗೆದಳು. ಕಾರಿನಲ್ಲಿ ಮೊದಲು ಹಾಸು, ಆಮೇಲೆ ಸೀಟು. ಬೋರ್ಡಿನಲ್ಲಿ ಸೀಟು ಹೇಗೆ ಮೇಲೆ ಹೋಯಿತು ಎಂದು. ಬಣ್ಣ ಒಣಗುತ್ತಾ ಇದೆ ಅಕ್ಕ, ಇನ್ನು ಏನೂ ಮಾಡೋಕಾಗಲ್ಲ ಎಂದು ಬರೆಯುವವನು ಸೈಕಲ್ ಹತ್ತಿದ.

ಕಾರ್ಪೆಟ್ಟಿಗೆ ಸಾಲು ಸಿಗದ ಓರಗಿತ್ತಿ ಕೆಲವು ದಿನ ಮುಖ ಊದಿಸಿಕೊಂಡಿದ್ದಳು. ಆ ದಿನಗಳಲ್ಲಿ ಅಕ್ಕನಿಗೆ ಒಳ್ಳೆಯ ನಿದ್ದೆ ಬಂತಂತೆ. ಹೇಳುವಾಗ ನಾಚಿಕೆಯೂ ಇಲ್ಲ, ಮರೆಮಾಚುವುದೂ ಇಲ್ಲ. ಕಾರುಗಳು ಬರುತ್ತಿವೆ. ಬಂದವರು ಈಗಲೂ ಸೀಟನ್ನೇ ಮೊದಲು ಸವರುತ್ತಾರೆ, ಫೋನು ತೆಗೆಯುತ್ತಾರೆ. ಅಕ್ಕನಿಗೆ ಈಗಲೂ ಕೆಮ್ಮು ಬರುತ್ತದೆ. ಆದರೆ ಆಗೊಮ್ಮೆ ಈಗೊಮ್ಮೆ ಒಬ್ಬರು ಬೀದಿಯಲ್ಲೇ ನಿಂತು ಬೋರ್ಡನ್ನು ಕೆಳಗಿನವರೆಗೂ ಓದಿ, ಈ ತಡೆ ಅಂದರೆ ಏನು, ಮಾಡುವವರು ಯಾರು ಎಂದು ಕೇಳಿಕೊಂಡು ಒಳಗೆ ಬರುತ್ತಾರೆ.

ಇವತ್ತು ಬೆಳಕು ಹರಿಯುತ್ತಿದೆ. ತಟ್ಟುವುದು ಮುಗಿಸಿದ ಅಕ್ಕ ಕಾರಿನಿಂದ ಇಳಿದು, ಸ್ಟೂಲು ಹೊರಗೆ ತಂದು, ಒದ್ದೆ ಬಟ್ಟೆ ಹಿಡಿದು ಹತ್ತುತ್ತಾಳೆ. ಬೀದಿಯ ಧೂಳೆಲ್ಲ ಬೋರ್ಡಿನ ಮೇಲೆ ಕೂತಿದೆ. ಎಡದಿಂದ ಬಲಕ್ಕೆ ನಿಧಾನವಾಗಿ ಒರೆಸುತ್ತಾಳೆ. ಕೊನೆಯ ಸಾಲು ಮಾತ್ರ. ಅದು ಹೊಸದರ ಹಾಗೆ ಹೊಳೆಯುತ್ತದೆ. ಅದರ ಮೇಲಿನ ಸೀಟು ಹೊಲಿಗೆ ಮಂಕಾಗಿ ಕೂತಿದೆ. ಹೇಗೂ ಹತ್ತಿದ್ದೀರಿ, ಅದಕ್ಕೂ ಒಂದು ಕೈ ಹಾಕಬಹುದಲ್ಲ ಎಂದರೆ ಅಕ್ಕ ಬಟ್ಟೆ ಹಿಂಡುತ್ತಾಳೆ.

"ಅವಳಿಗೂ ಕೈ ಇದೆಯಲ್ಲ, ಬಂದು ಒರೆಸ್ಕೊಳ್ಳಲಿ," ಅನ್ನುತ್ತಾಳೆ. "ಬೇಕಾದ್ರೆ ಸ್ಟೂಲು ನಾನು ಹಿಡ್ಕೋತೀನಿ."